ಕ್ಯಾಸೆಟ್ಟಿನ ಕೊನೆಯಲ್ಲಿ ಉಳಿದ ಕೆಮ್ಮು

ತಪ್ಪು ನನ್ನದು. ಮೊದಲೇ ಒಪ್ಪಿಕೊಂಡುಬಿಟ್ಟರೆ ಆಮೇಲೆ ಬೇರೆಯವರ ಮೇಲೆ ಹರಿಹಾಯಲು ದಾರಿ ಸಲೀಸು. ಕ್ಯಾಸೆಟ್ ಅಳಿಸುವ ಕೆಲಸವನ್ನು ನನಗೆ ಒಪ್ಪಿಸಿದ್ದರು, ನಾನು ಅಳಿಸಲಿಲ್ಲ. ಸೋಮಾರಿತನ ಎನ್ನಬಹುದು. ಆದರೆ ಅದರಲ್ಲಿದ್ದದ್ದು ನನ್ನ ದನಿ, ಮತ್ತು ನನ್ನ ದನಿಯನ್ನು ಅಳಿಸಲು ನನಗೆ ಯಾವತ್ತೂ ಕೈ ಬಂದಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ರಷ್ಯಾದ ಒಂದು ಊರಿನಲ್ಲಿ ಡಾಕ್ಟರಿಕೆ ಓದುತ್ತಿದ್ದೆ. ಹಾನಗಲ್ಲಿನ ವೈಷ್ಣವರ ಮನೆಯವನು. ಅಜ್ಜ ಪುರಾಣ ಹೇಳಿದರೆ ಪಡಸಾಲೆ ತುಂಬುತ್ತಿತ್ತು. ಅದೇ ಅಜ್ಜನ ಹಾಗೆ ಮೂಗಿನಲ್ಲಿ ನಾನು ಹೇಳಿದರೆ ಹಿತ್ತಲು ತುಂಬುತ್ತಿತ್ತು. ಹಾಸ್ಟೆಲಿನಲ್ಲಿ ನನ್ನ ಕೋಣೆಯ ಜೊತೆಗಾರ ಸವಣೂರಿನವನು, ವೀಳ್ಯದೆಲೆ ವ್ಯಾಪಾರಿಯ ಮಗ. ಅವನಿಗೆ ಹಂದಿಮಾಂಸ ಆಗದು, ನನಗೆ ಯಾವ ಮಾಂಸವೂ ಆಗದು, ಕ್ಯಾಂಟೀನಿನ ಹೆಂಗಸಿಗೆ ನಮ್ಮಿಬ್ಬರ ಪ್ರಶ್ನೆಯೇ ಆಗದು. "ಇದರಲ್ಲಿ ಮಾಂಸ ಇದೆಯೇ?" ಎಂದರೆ "ಒಂದು ಚೂರೂ ಇಲ್ಲ, ಬರೇ ಕೋಳಿ" ಎಂದು ಬಡಿಸಿಬಿಡುತ್ತಿದ್ದಳು. ಹೀಗಾಗಿ ಇಬ್ಬರ ಜಾತಿಯೂ ಆಲೂಗಡ್ಡೆಗೆ ಬಂದು ನಿಂತಿತ್ತು. ಚಳಿಗಾಲದಲ್ಲಿ ಬೆಣ್ಣೆಯನ್ನು ಜಾಳಿಗೆ ಚೀಲಕ್ಕೆ ಹಾಕಿ ಕಿಟಕಿಯ ಹೊರಗೆ ತೂಗುಬಿಡುವುದು, ಬೇಕಾದಾಗ ಕಲ್ಲಾದ ಅದನ್ನು ಒಳಗೆಳೆದು ಸುತ್ತಿಗೆಯಿಂದ ಒಡೆಯುವುದು. ಸಾಸಿವೆ ಸಿಡಿಸಿದೆವೆಂದರೆ ಬಾಗಿಲು ಕಾಯುವ ಅಜ್ಜಿ ಮೂರು ಮಹಡಿ ಏರಿ ಬಂದು, ನಮ್ಮನ್ನು ಬೈದು, ರಷ್ಯನ್ ವ್ಯಾಕರಣದಲ್ಲಿ ನಾವು ಇನ್ನೂ ಕಲಿಯದ ಪಾಠಗಳನ್ನೆಲ್ಲ ಮುಗಿಸಿ ಇಳಿದು ಹೋಗುತ್ತಿದ್ದಳು. ಅವಳು ಕೆಳಗೆ ಮುಟ್ಟುವುದರೊಳಗೆ ಅದೇ ಬೈಗುಳವನ್ನು ನಾನು ಅವಳ ಗಂಟಲಲ್ಲೇ ಒಪ್ಪಿಸುತ್ತಿದ್ದೆ. ಒಂದು ದಿನ ಮೆಟ್ಟಿಲಲ್ಲೇ ನಿಂತು ಕೇಳಿಸಿಕೊಂಡು, ತಿರುಗಿ ಬಂದು ಕಿವಿ ಹಿಂಡಿದಳು.

ಆಗ ಪತ್ರ ಊರು ಮುಟ್ಟಲು ತಿಂಗಳು ಬೇಕು. ಅದಕ್ಕೆ ನಾವು ಕ್ಯಾಸೆಟ್ಟಿಗೆ ಮಾತಾಡಿ, ಊರಿಗೆ ಹೊರಟವರ ಕೈಯಲ್ಲಿ ಕಳಿಸುತ್ತಿದ್ದೆವು. ಅಲ್ಲಿ ಓಣಿಯೇ ಸೇರಿ ಕೇಳುತ್ತಿತ್ತು. ಹೊಸ ಕ್ಯಾಸೆಟ್ ಸಿಗುವುದು ಕಷ್ಟ. ಒಂದರ ಮೇಲೆಯೇ ಮತ್ತೆ ಮತ್ತೆ ತುಂಬುವುದು.

ಭಾನುವಾರ ನಮ್ಮ ಕೋಣೆಯಲ್ಲಿ ಹುಡುಗರು ಸೇರಿದರೆ ನನ್ನದೇ ದರಬಾರು. ಎಲ್ಲರೂ ಬೇಡುತ್ತಿದ್ದದ್ದು ಸವಣೂರಿನ ಎಲೆ ವ್ಯಾಪಾರಿಯನ್ನು. ಅವರನ್ನು ನಾನು ಕಂಡೇ ಇರಲಿಲ್ಲ, ಮಗನ ಬಾಯಿಂದ ಕಲಿತದ್ದು. ಅವರು ಎಲೆ ಎಣಿಸುತ್ತಲೇ ಗಿರಾಕಿಯನ್ನು ಬೈಯುತ್ತಾರೆ, ನಡುವೆ ಕೆಮ್ಮುತ್ತಾರೆ, ಲೆಕ್ಕ ಮಾತ್ರ ತಪ್ಪುವುದಿಲ್ಲ: "ಹನ್ನೆರಡ, ಹದಿಮೂರ, ಮುಟ್ಟಬ್ಯಾಡ, ಹದಿನಾಕ, ನಿನ್ನ ಮಾರಿಗಿಂತ ತಾಜಾ ಐತಿ, ಹದಿನೈದ, ಖೊಹ್ ಖೊಹ್, ಹದಿನಾರ!" ಒಂದು ಭಾನುವಾರ ಇದನ್ನು ಅರ್ಧ ಗಂಟೆ ಟೇಪಿಗೆ ತುಂಬಿದೆವು. ಎಲ್ಲರಿಗಿಂತ ಜೋರಾಗಿ ನಕ್ಕವನು ಮಗನೇ. ಅವನ ನಗು ಬಾವಿಗೆ ಕೊಡ ಬಿದ್ದ ಹಾಗೆ, ಮೊದಲು ಸದ್ದಿಲ್ಲ, ಆಮೇಲೆ ಗುಡುಗುಡು.

ಚಳಿಗಾಲದ ರಜೆ ಹತ್ತಿರ ಬಂದಾಗ ಅವನು ಅದೇ ಕ್ಯಾಸೆಟ್ ಕೊಟ್ಟು, "ಪೂರಾ ಅಳಸಿ ಇಡಲೇ" ಎಂದ. ನಾನು ಹೂಂ ಎಂದೆ. ಅವನು ನಾನು ಅಳಿಸಿದ್ದೇನೆಂದೇ ನಂಬಿ ಹತ್ತು ನಿಮಿಷ ಸಲಾಮು, ಆರೋಗ್ಯ, ಪರೀಕ್ಷೆಯ ಮಾರ್ಕ್ಸು ಎಲ್ಲ ಗಂಭೀರವಾಗಿ ಹೇಳಿ, ಶಿಗ್ಗಾಂವಿಯ ಹಿರಿಯ ವಿದ್ಯಾರ್ಥಿಯೊಬ್ಬನ ಕೈಯಲ್ಲಿ ಕಳಿಸಿದ. ಸವಣೂರಿನಲ್ಲಿ ಅಂಗಳದ ತುಂಬ ಜನ. ಮಗನ ಮಾತು ಮುಗಿಯಿತು. ಇನ್ನೇನಾದರೂ ಹೇಳಿಯಾನೆಂದು ಯಾರೂ ಟೇಪು ನಿಲ್ಲಿಸಲಿಲ್ಲ. ಖಟ್ ಎಂದು ಸದ್ದಾಯಿತು, ಮತ್ತು "ಹನ್ನೆರಡ, ಹದಿಮೂರ" ಶುರುವಾಯಿತು.

ಜೊತೆಗಾರನಿಗೆ ತಂದೆಯ ಪತ್ರ ಬಂತು. ಎರಡೇ ಸಾಲು: ಬೇಸಿಗೆ ರಜೆಗೆ ಹೊರಟು ಬಾ, ತಿರುಗಿ ಹೋಗುವ ವಿಚಾರ ಬಿಡು. ಬಾರದಿದ್ದರೆ ನನಗೆ ಮಗನಿಲ್ಲ.

ಮೂರು ವರ್ಷದ ಓದು! ಹೆಣದ ಮುಂದೆ ನಿಂತು ರಷ್ಯನ್ನಿನಲ್ಲಿ ನರಗಳ ಹೆಸರು ಬಾಯಿಪಾಠ ಮಾಡಿದ ಮೂರು ಚಳಿಗಾಲ, ಒಂದು ಕೆಮ್ಮಿಗೆ ಬಲಿ. ನನಗೆ ಮೈಯೆಲ್ಲ ಉರಿಯಿತು. ನನ್ನ ಮೇಲೆ ಉರಿಯಿತು ಎಂದು ಬರೆದರೆ ಚಂದ ಕಾಣುತ್ತದೆ, ಆದರೆ ಆ ಮುದುಕನ ಮೇಲೆ ಉರಿದದ್ದು ಹೆಚ್ಚು. ಜೊತೆಗಾರ ನನ್ನೊಡನೆ ಮಾತು ಬಿಟ್ಟ. ಒಂದೇ ಕೋಣೆ, ಒಂದೇ ಬಾಣಲೆ, ಎರಡು ಸಲ ಆಲೂಗಡ್ಡೆ. ಅವನು ತನ್ನದನ್ನು ಹುರಿದು, ಬಾಣಲೆ ತೊಳೆದು, ನನ್ನ ಮುಂದೆ ದಡ್ಡನೆ ಕುಕ್ಕುತ್ತಿದ್ದ. ಆ ದಡ್ಡ್ ಸದ್ದನ್ನು ಮಾತ್ರ ನನ್ನಿಂದ ಅನುಕರಿಸಲು ಆಗಲಿಲ್ಲ. ರಜೆಗೆ ನಾನು ಪೆಟ್ಟಿಗೆ ಕಟ್ಟುವಾಗ ಬಾಯಿಬಿಟ್ಟ:

"ನಾ ಹೋದ್ರ ಅಲ್ಲೇ ಕಟ್ಟಿಹಾಕ್ತಾರ, ಹೋಗೂದಿಲ್ಲ. ನೀ ಹೇತಿದ್ದು ನೀನ ಬಳೀಬೇಕು. ಹೋಗಿ ಬಾ."

ಹಾನಗಲ್ಲಿಗೆ ಬಂದು ಎರಡನೇ ದಿನವೇ ಸವಣೂರಿನ ದಾರಿ ಹಿಡಿದೆ. ಬಂಕಾಪುರದಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯುತ್ತ, ಆ ಮುದುಕನಿಗೆ ಏನೇನು ಅನ್ನಬೇಕೋ ಎಲ್ಲ ತಾಲೀಮು ಮಾಡಿದೆ. ಪಕ್ಕದಲ್ಲಿದ್ದವರು ದೂರ ಸರಿದು ನಿಂತರು.

ಜೊತೆಗಾರನ ತಂದೆ ಅಂಗಳದಲ್ಲಿ ಹಸಿ ಗೋಣಿತಾಟಿನ ಮೇಲೆ ಕೂತು ಎಲೆ ಎಣಿಸುತ್ತಿದ್ದರು. ಪಕ್ಕದಲ್ಲಿ ಇಬ್ಬರು ಆಳುಗಳು. ಮನೆಯ ಬಾಗಿಲಿಗೆ ಪರದೆ.

"ಚಾಚಾ, ಕ್ಯಾಸೆಟ್ನಾಗ ಮಾತಾಡಿದಾಂವ ನಾನರೀ. ತಪ್ಪಾತು."

"ಕುಂತ್ಕೋರಿ. ಇಪ್ಪತ್ತೊಂದ, ಇಪ್ಪತ್ತೆರಡ. ಹಾನಗಲ್ಲಿನವರೇನ್ರಿ? ಇಪ್ಪತ್ಮೂರ. ಶಾಣ್ಯಾರ ಮನಿ ಹುಡುಗ. ಖೊಹ್. ಇಪ್ಪತ್ನಾಕ."

ದೇವರಾಣೆ, ನನ್ನ ಅನುಕರಣೆ ಕಮ್ಮಿಯಾಗಿತ್ತು. ಕೆಮ್ಮು ನಾನು ಮಾಡಿದ್ದಕ್ಕಿಂತ ಅರ್ಧ ಸ್ವರ ಕೆಳಗಿತ್ತು. ಸಿಟ್ಟಿನ ನಡುವೆಯೂ ಅದನ್ನು ಗುರುತು ಹಾಕಿಕೊಂಡೆ, ನಾಯಿಬಾಲ.

"ದನಿ ನಂದು, ತಪ್ಪು ನಂದು. ಅವನ ಓದು ಯಾಕ ಬಿಡಸ್ತೀರಿ?" ಎಂದೆ, ಸ್ವಲ್ಪ ಜೋರಾಗಿಯೇ.

ಅವರ ಕೈ ನಿಂತಿತು. "ನಿನ್ನ ಮ್ಯಾಲ ನನಗೇನು ಸಿಟ್ಟಿಲ್ಲ. ನೀ ಯಾರು ನನಗ? ನನ್ನ ಮಾರಿ ಇವತ್ತ ನೋಡಾಕತ್ತಿ. ನನ್ನ ಕೆಮ್ಮು ನಿನಗ ಕೊಟ್ಟಾಂವ ಯಾರು? ಓಣ್ಯಾಗಿನ ಮಂದಿ ಎಲ್ಲಾ ಕುಂತಿದ್ರು. ಅಪ್ಪನ್ನ ಮಂಗ್ಯಾ ಮಾಡಿ ಕುಣಸ್ಯಾರ, ನನ್ನ ಮಗ ಹೊಟ್ಟಿ ಹಿಡಕೊಂಡು ನಗಾಕತ್ತಾನ."

ತಾಲೀಮು ಮಾಡಿಕೊಂಡದ್ದು ಯಾವುದೂ ಬಾಯಿಗೆ ಬರಲಿಲ್ಲ. ಬಂದದ್ದು ನಿಜ.

"ಮಂಗ್ಯಾ ಮಾಡಾಕ ಕೊಟ್ಟಿಲ್ರೀ ಅಂವ. ಮೊದಲನೇ ವರ್ಷ ಎಲುಬಿನ ಹೆಸರು ಒಂದೂ ತಲ್ಯಾಗ ನಿಲ್ತಿರಲಿಲ್ಲ. ನೀವು ಎಲಿ ಎಣಸೂ ಧಾಟಿಯೊಳಗ ಎಲುಬು ಎಣಸಾಕ ಹತ್ತಿದ, ಕೆಮ್ಮು ಸಹಿತ. ಅದನ್ನ ಕೇಳಿ ನಾನೂ ಪಾಸಾಗೇನಿ. ಕುಣಿಸಿದ್ದು ನಾನು. ನಗೂ ಬಂತು, ನಕ್ಕ. ನಗೂದಕ್ಕ ಮಗನ್ನ ಬಿಡ್ತಾರೇನ್ರಿ ಯಾರರ?"

"ನೀ ನಮ್ಮ ಮನ್ಯಾಗ ನನಗ ಬುದ್ಧಿ ಹೇಳಬ್ಯಾಡ!" ಅವರು ಎಲೆಯ ಕಟ್ಟನ್ನು ನೆಲಕ್ಕೆ ಬಡಿದರು. "ಅಪ್ಪಗ ನಗಾಂವ ನಾಳೆ ರೋಗಿಗೂ ನಗ್ತಾನ. ಅಂಥಾಂವಗ ಡಾಕ್ಟರಿಕಿ ಯಾಕ? ಬಂದು ಎಲಿ ಎಣಸ್ಲಿ!"

"ಎಣಸೂದಿಲ್ರೀ! ನಾ ಎಣಸಾಕ ಬಿಡೂದಿಲ್ಲ!" ಎಂದು ನಾನೂ ಎದ್ದು ನಿಂತೆ. ಯಾರ ಮನೆಯಲ್ಲಿ ಯಾರಿಗೆ ಬಿಡುವುದಿಲ್ಲ ಎನ್ನುತ್ತಿದ್ದೇನೆಂಬ ಖಬರೂ ಇಲ್ಲ. ಆಳುಗಳು ಎಲೆಯೊಳಗೆ ಮುಖ ಹುದುಗಿಸಿದರು. ಚಾಚಾ ಬಾಯಿ ತೆರೆದರು. ಆದರೆ ಸಿಟ್ಟಿಗೆ ಮಾತಿನ ಬದಲು ಕೆಮ್ಮು ಬಂತು, ಅಚ್ಚು ಕ್ಯಾಸೆಟ್ಟಿನ ಕೆಮ್ಮು, ಖೊಹ್ ಖೊಹ್. ಪರದೆಯ ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ಅವರು ಪರದೆಯ ಕಡೆ ಕೆಂಡದಂತೆ ತಿರುಗಿ ಉರ್ದುವಿನಲ್ಲಿ ಏನೋ ಗದರಿದರು. ಮರುಮಾತು ಕನ್ನಡದಲ್ಲಿ ಬಂತು, ನನಗೂ ತಿಳಿಯಲೆಂದೇ ಇರಬೇಕು. ಅದನ್ನು ಕೇಳಿದ ಮೇಲೆ ಅವರು ನೆಲಕ್ಕೆ ಬಡಿದ ಕಟ್ಟನ್ನೇ ಎತ್ತಿಕೊಂಡು ಮತ್ತೆ ಒಂದರಿಂದ ಎಣಿಸತೊಡಗಿದರು. ಮಗ ಓದು ಮುಗಿಸಿಯೇ ಊರಿಗೆ ಬಂದ. ಅವನ ತಾಯಿಯ ಮುಖವನ್ನು ನಾನು ಇವತ್ತಿಗೂ ನೋಡಿಲ್ಲ, ದನಿ ಮಾತ್ರ ಅಕ್ಷರ ತಪ್ಪದೆ ನೆನಪಿದೆ:

"ಹುಡುಗೂರು ಸುಳ್ಳೇನು ಮಾಡ್ಯಾರ? ನೀವು ಹಂಗ ಕೆಮ್ಮತೀರಿ, ಹಂಗ ಬೈತೀರಿ. ಈ ಪರದೆ ಹಿಂದ ನಿಂತು ಮೂವತ್ತು ವರ್ಷಾತು ನಾ ನಗಾಕತ್ತೇನಿ. ಹಂಗಾರ ಮೊದಲ ನನ್ನ ತವರಮನಿಗೆ ಕಳಸ್ರಿ, ಆಮ್ಯಾಲ ಮಗನ್ನ ಕರಸ್ರಿ!"