ಎರಡು ಕಾರ್ಖಾನೆ, ಒಂದೇ ಪೊನ್ನಾತ್ತಾ

ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವುದು ಪೂಂಗೊಡಿಯ ಕಸುಬು. ವೈರು ಎಳೆಯುವುದು, ಸರ್ವರ್ ಕೂರಿಸುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಫಜೀತಿಯೆಲ್ಲ ಹೆಸರಿಡುವಾಗ. ಒಳಗಿನ ಕಂಪ್ಯೂಟರುಗಳೆಲ್ಲ ತಾವು ಒಂದೇ ಮನೆಯವರೆಂದು ಗುರುತಿಸಿಕೊಳ್ಳಲು ಒಂದು ಡೊಮೇನ್ ಹೆಸರು ಬೇಕು. ಹೊರಗಿನ ಗಿರಾಕಿಗೆ ಅದು ಕಾಣುವುದೇ ಇಲ್ಲ. ಆದರೂ ಮಾಲೀಕರು ಮೊಮ್ಮಗನಿಗೆ ಹುಡುಕಿದ ಹಾಗೆ ಹುಡುಕಿ, ಕೊನೆಗೆ ಮನೆದೇವರ ಹೆಸರನ್ನೇ ಹೇಳುತ್ತಾರೆ.

"ನಿಮ್ಮ ವೆಬ್‌ಸೈಟಿನ ಹೆಸರಿಗೇ ಮುಂದೊಂದು ಪದ ಸೇರಿಸೋಣ. ನಾಳೆ ಯಾರ ಹೆಸರಿಗೂ ತಾಗಲ್ಲ," ಎಂದು ಅವಳು ಎಲ್ಲ ಕಡೆಯೂ ಹೇಳುತ್ತಾಳೆ. ಕೇಳಿದವರು ಕಡಿಮೆ.

ಒಂದೇ ಬನಿಯನ್ ಕಂಪನಿ ನಡೆಸುತ್ತಿದ್ದ ಅಣ್ಣ ರಾಸಪ್ಪನ್, ತಮ್ಮ ನಾಚಿಮುತ್ತು ಪಾಲಾಗಿ ಬೇರೆಯಾದಾಗಲೂ ಹಾಗೇ ಆಯಿತು. ಯಂತ್ರ, ಗೋದಾಮು ಎಲ್ಲ ಹಂಚಿಹೋಯಿತು. ಮನೆದೇವತೆ ಪೊನ್ನಾತ್ತಾಳನ್ನು ಹಂಚುವುದು ಹೇಗೆ? ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ತೆರೆದ ತಮ್ಮ ಮೊದಲು ಆ ಹೆಸರು ಇಡಿಸಿ, ಸರ್ವರ್ ಮುಂದೆ ಕರ್ಪೂರ ಹಚ್ಚಿದ. ಸುದ್ದಿ ಕಿವಿಗೆ ಬಿದ್ದದ್ದೇ ಅಣ್ಣ ತನ್ನ ಹೊಲಿಗೆ ಕಾರ್ಖಾನೆಗೆ ಪೂಂಗೊಡಿಯನ್ನು ಕರೆಸಿದ.

"ನನಗೂ ಅದೇ ಹೆಸರಿಡು, ಅಮ್ಮಣಿ. ದೇವರೇನು ಅವನೊಬ್ಬನ ಸೊತ್ತಾ?"

"ಬೇಡಣ್ಣಾ. ಒಂದೇ ಹೆಸರಿನ ಎರಡು ನೆಟ್‌ವರ್ಕ್ ಮುಂದೆ ಕೂಡಲ್ಲ. ಕೂಡಿಸಬೇಕಂದ್ರೆ ಒಂದರ ಹೆಸರು ಅಳಿಸಿ ಬೇರೆ ಹೆಸರಿಟ್ಟು, ಅಲ್ಲಿಯ ಒಂದೊಂದು ಕಂಪ್ಯೂಟರನ್ನೂ ಮೊದಲಿಂದ ಸೇರಿಸಬೇಕು."

"ದಾಯಾದಿಗಳು ಕೂಡಿದ್ದನ್ನ ಯಾವ ಊರಲ್ಲಿ ನೋಡಿದೀಯ? ಸುಮ್ಮನೆ ಇಡು."

ಅವಳು ಇಟ್ಟಳು. ದಾಯಾದಿಗಳ ವಿಷಯದಲ್ಲಿ ಅವಳ ಅಭಿಪ್ರಾಯವೂ ಅದೇ ಆಗಿತ್ತು.

ಕಳೆದ ಕಾರ್ತಿಕದಲ್ಲಿ ನಾಚಿಮುತ್ತು ಎದೆನೋವೆಂದು ಮಲಗಿದವನು ಏಳಲಿಲ್ಲ. ಉತ್ತರಕ್ರಿಯೆಗೆ ಬಂದ ರಾಸಪ್ಪನ್, ತಮ್ಮನ ಹೆಂಡತಿ ಕಲಾಮಣಿಗೆ, "ಎರಡೂ ಒಟ್ಟಿಗೆ ನಡೀಲಿ, ನಿನ್ನ ಪಾಲು ನಿನಗೇ," ಎಂದ. ಈಗ ಎರಡು ನೆಟ್‌ವರ್ಕನ್ನೂ ಕೂಡಿಸಲೇಬೇಕಾಯಿತು.

ಪೂಂಗೊಡಿ ಬಣ್ಣದ ಕಾರ್ಖಾನೆ ನೋಡಲು ಹೋದಾಗ ಕಲಾಮಣಿ ಮಜ್ಜಿಗೆ ಕೊಟ್ಟಳು.

"ಅಕ್ಕಾ, ಬೆಳಗ್ಗೆ ಕಂಪ್ಯೂಟರ್ ಹಾಕಿದ್ರೆ ಮೊದಲು ಕಾಣೋದು ಆ ಹೆಸರೇ. ಅವರು ಇಟ್ಟಿದ್ದು. ಅದೊಂದನ್ನ ತೆಗೀಬೇಡಿ."

ಪೂಂಗೊಡಿ ಮಾತು ಕೊಡಲಿಲ್ಲ. ಚಿಕ್ಕದರ ಹೆಸರು ಬದಲಾಯಿಸುವುದೇ ಈ ಕೆಲಸದ ರೂಢಿ. ಇಲ್ಲಿಯ ಕಂಪ್ಯೂಟರುಗಳು ಒಂದು ಕೋಣೆಯಲ್ಲಿ ಹಿಡಿಯುತ್ತವೆ, ಅಣ್ಣನವು ಮೂರು ಮಹಡಿ ತುಂಬಿವೆ. ಅವಳು ಲೋಟ ಕೆಳಗಿಟ್ಟು ಕಂಪ್ಯೂಟರುಗಳ ಲೆಕ್ಕ ಬರೆದುಕೊಂಡಳು.

"ಚಿಕ್ಕದರ ಹೆಸರು ಅಳಿಸಿದ್ರೆ ಪೊಂಗಲ್ ರಜೆಯಲ್ಲೇ ಮುಗಿಯುತ್ತೆ ಅಣ್ಣಾ," ಎಂದು ರಾಸಪ್ಪನ್‌ಗೆ ವರದಿ ಒಪ್ಪಿಸಿದಳು. ತಡೆಯಲಾಗದೆ, "ಕಲಾಮಣಿ ಬೇಡ ಅಂತಾರೆ," ಎಂದೂ ಸೇರಿಸಿದಳು.



"ನಂದು ಅಳಿಸು."

"ಮೂರು ಮಹಡಿ ಅಣ್ಣಾ! ರಜೆ ಸಾಲಲ್ಲ. ಹೊಲಿಗೆ ನಿಲ್ಲುತ್ತೆ."

"ನಿಲ್ಲಲಿ. ಅವನು ಭಕ್ತಿಗೆ ಇಟ್ಟ, ನಾನು ಹಠಕ್ಕೆ ಇಟ್ಟೆ."

"ಹೊಸದು ಏನಿಡಲಿ?"

"ಅವತ್ತು ನೀನೇ ವೆಬ್‌ಸೈಟಿನ ಹೆಸರು ಅಂತ ಏನೋ ಹೇಳ್ತಿದ್ದೆಯಲ್ಲ, ಅದನ್ನೇ ಇಡು."

ಪೊಂಗಲ್ ಹಬ್ಬದ ಮರುದಿನ ಕೆಲಸ ಶುರುವಾಯಿತು. ರಾಸಪ್ಪನ್ ಚಪ್ಪಲಿ ಹೊರಗೆ ಬಿಟ್ಟು ಬಂದು ಅವಳ ಹಿಂದೆ ನಿಂತ. ಮೊದಲ ಪರದೆಯಿಂದ ಪೊನ್ನಾತ್ತಾ ಮಾಯವಾದಾಗ ಕೈ ಮುಗಿದ.

"ತಮ್ಮನ ಕಡೆ ಹಾಗೇ ಇದೆ ತಾನೆ?"

"ಇದೆ ಅಣ್ಣಾ."

"ಸರಿ. ಮುಂದಿನದಕ್ಕೆ ನಡಿ."