ಮಾರಣ್ಣನ ಬಲಗಾಲು

ದೊಡ್ಡೇರಿಯ ಅಶ್ವತ್ಥಮ್ಮನ ಬಾಯಿಗೆ ಹೆದರದವರು ಆ ಹೋಬಳಿಯಲ್ಲಿ ಕಡಿಮೆ. "ನಿಮ್ಮ ಮೂಗು ಹೆಂಗೈತೋ ಅಂಗೇ ಬರ್ತದೆ. ಚೆಂದ ಬೇಕಿದ್ರೆ ಫೋಟೋ ಸ್ಟುಡಿಯೋಗೆ ಹೋಗಿ" ಎಂದು ಗಿರಾಕಿಗಳ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುವ ಹೆಂಗಸು. ಆದರೂ ಜನ ಹುಡುಕಿಕೊಂಡು ಬರುತ್ತಾರೆ. ಹುಟ್ಟಿದ ಕೂಸಿನ ಅಂಗಾಲು, ಹೊಸದಾಗಿ ಮದುವೆಯಾದವರ ಹಿಡಿದ ಕೈ, ಅಜ್ಜಿಯ ಮುಖ, ಯಾವುದಿದ್ದರೂ ಇದ್ದ ಹಾಗೇ ಅಚ್ಚು ತೆಗೆದು, ಕೆರೆಮಣ್ಣಿನಲ್ಲಿ ಒತ್ತಿ, ಸುಟ್ಟು ಕೊಡುತ್ತಾಳೆ.

ಗಡಿಗೆ ಮಾಡುವ ಮನೆಗೆ ಸೊಸೆಯಾಗಿ ಬಂದವಳು ಅವಳು. ಗಂಡ ತಿಗರಿಯ ಮೇಲೆ ಎತ್ತಿದ್ದನ್ನು ತಟ್ಟಿ, ಒದ್ದೆ ಕೈಯಲ್ಲಿ ನುಣುಪು ಮಾಡುವುದು ಮೂವತ್ತು ವರ್ಷ ಅವಳ ಪಾಲಿನ ಕೆಲಸ. ಗಂಡ ತೀರಿಕೊಂಡ, ತಿಗರಿ ನಿಂತಿತು. ಆಮೇಲೆ ಮಧುಗಿರಿಯಲ್ಲಿ ನಡೆದ ಹದಿನೈದು ದಿನದ ಶಿಬಿರಕ್ಕೆ ಹೋಗಿ ಈ ವಿದ್ಯೆ ಕಲಿತಳು. ಮುರಿದ ಕೈಗೆ ಆಸ್ಪತ್ರೆಯಲ್ಲಿ ಸುತ್ತುತ್ತಾರಲ್ಲ, ಆ ಪ್ಲಾಸ್ಟರ್ ಪಟ್ಟಿಯನ್ನೇ ನೆನೆಸಿ ಮೈಮೇಲೆ ಹಾಸುವುದು. ಗಟ್ಟಿಯಾದ ಮೇಲೆ ಬಿಡಿಸಿಕೊಂಡು ಬಂದು ಒಳಗೆ ಮಣ್ಣು ಒತ್ತುವುದು. ಮಣ್ಣು ಬಿಗಿದ ಮೇಲೆ ಪಟ್ಟಿಯನ್ನು ಹರಿದೇ ತೆಗೆಯಬೇಕು. ಹಾಗಾಗಿ ಕೈಯಾಗಲಿ ಕಾಲಾಗಲಿ, ಒಂದು ಅಚ್ಚಿಗೆ ಒಂದೇ.

ಹೋದ ವರ್ಷ ಮಿಡಿಗೇಶಿಯಿಂದ ಕೆಂಪಕ್ಕ ಬಂದಳು. ಅವಳ ಗಂಡ ಮಾರಣ್ಣ ಐವತ್ತು ವರ್ಷ ಕುರಿಯ ಹಿಂದೆ ನಡೆದವನು. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿ, ಮುಳ್ಳು ಹೊಕ್ಕಿದ್ದೂ ತಿಳಿಯದೆ, ಬಲಗಾಲಿನ ಎರಡು ಬೆರಳು ಕಪ್ಪಾಗಿದ್ದವು. ಕಾಲು ತೆಗೆಯದಿದ್ದರೆ ಜೀವಕ್ಕೇ ಅಪಾಯ ಎಂದಿದ್ದರು ಡಾಕ್ಟರು.

"ಒಪ್ತಾನೇ ಇಲ್ಲ ಕಣಮ್ಮ" ಎಂದಳು ಕೆಂಪಕ್ಕ. "ನಮ್ಮಲ್ಲಿ ಸುಡಾಕಿಲ್ಲ, ಮಣ್ಣು ಮಾಡೋದು. ಸತ್ಮೇಲೆ ಅರ್ಧ ಕಾಲಲ್ಲಿ ಹೋಗಿ ನಮ್ಮಪ್ಪನ ಮುಂದೆ ಹೆಂಗೆ ನಿಂತ್ಕಳ್ಳಿ ಅಂತಾನೆ. ಆ ಕಾಲನ್ನೇ ಮಣ್ಣಲ್ಲಿ ಮಾಡಿಸಿ, ನೀನು ಹೋದಾಗ ಗುಂಡೀಲಿ ಜೊತೆಗೇ ಇಡ್ತೀವಿ ಅಂದಿದ್ಕೆ ಹ್ಞೂಂ ಅಂದವ್ನೆ. ನೀನು ಕೈ ಬುಟ್ರೆ ಆಯ್ತು, ಅವನು ಉಳಿಯಾಕಿಲ್ಲ."

ಅಶ್ವತ್ಥಮ್ಮ ಅಂದೇ ಬಸ್ಸು ಹತ್ತಿದಳು. ಮಾರಣ್ಣನ ಪಾದಕ್ಕೆ ಕೊಬ್ಬರಿ ಎಣ್ಣೆ ಸವರಿ, ಕಪ್ಪು ಬೆರಳುಗಳಿಗೆ ತೆಳು ಬಟ್ಟೆ ಹೊದಿಸಿ ಪಟ್ಟಿ ಹಾಸಿದಳು. ಪ್ಲಾಸ್ಟರ್ ಬಿಗಿಯುವಾಗ ಬಿಸಿಯೇರುತ್ತದೆ. "ಬಿಸಿ ಆಯ್ತಾ ಅಣ್ಣ?" ಎಂದು ಕೇಳಿದಳು.

"ಏನೂ ಇಲ್ಲ. ಎರಡು ವರ್ಷದಿಂದ ಆ ಕಾಲು ನನ್ನ ಮಾತೇ ಆಡ್ಸಿಲ್ಲ."

ಮೂರನೆಯ ದಿನ ಅವನು ಆಸ್ಪತ್ರೆಗೆ ಹೋದ. ಮೊಣಕಾಲ ಕೆಳಗೆ ತೆಗೆದರು. ಇತ್ತ ದೊಡ್ಡೇರಿಯಲ್ಲಿ ಅಶ್ವತ್ಥಮ್ಮ ಅಚ್ಚು ಹರಿದು ಮಣ್ಣಿನ ಕಾಲನ್ನು ಹೊರಗೆ ತೆಗೆದಳು. ಉಗುರು, ಗಂಟು, ಹಿಮ್ಮಡಿಯ ಒಡಕು, ಎಲ್ಲ ಬಂದಿದ್ದವು. ಆದರೆ ಗಡಿಗೆಯಲ್ಲಿ ಬಿರುಕು ಎಂದರೆ ಗಡಿಗೆಯೇ ಹೋಯಿತು ಎಂದರ್ಥ. ಬಿರುಕು ಕಂಡಲ್ಲಿಗೆ ಒದ್ದೆ ಹೆಬ್ಬೆರಳು ಹೋಗುವುದಕ್ಕೆ ಅವಳ ಅಪ್ಪಣೆ ಬೇಕಾಗಿಲ್ಲ. ಮಳೆ ಬರುತ್ತದೋ ಏನೋ, ಸೌದೆ ಒಳಗೆ ಹಾಕಬೇಕೋ ಏನೋ ಎಂದು ಯೋಚಿಸುತ್ತಲೇ ಹಿಮ್ಮಡಿಯನ್ನು ತೀಡಿ ತೀಡಿ ಬೆಣ್ಣೆ ಮಾಡಿದಳು. ಇದ್ದ ಹಾಗೇ ಬರುತ್ತದೆ ಎಂದು ಊರಿಗೆಲ್ಲ ಬುದ್ಧಿ ಹೇಳುವವಳಿಗೆ ತಾನು ಮಾಡುತ್ತಿರುವುದು ತಿಳಿಯಲೇ ಇಲ್ಲ. ಆವಿಗೆಯಿಂದ ಕಾಲು ಕೆಂಪಗೆ, ಒಂದು ಗೀರೂ ಇಲ್ಲದೆ ಹೊರಬಂದಾಗ ಹೆಮ್ಮೆಯೇ ಪಟ್ಟಳು.

ತಿಂಗಳ ಮೇಲೆ ಅದನ್ನು ಸೀರೆಯಲ್ಲಿ ಸುತ್ತಿಕೊಂಡು ಮಿಡಿಗೇಶಿಗೆ ಹೋದಳು. ಜಗುಲಿಯ ಮಂಚದಲ್ಲಿ ಕೂತಿದ್ದ ಮಾರಣ್ಣ ಕಾಲನ್ನು ತೊಡೆಯ ಮೇಲಿಟ್ಟುಕೊಂಡ. ಬೆರಳು ಮುಟ್ಟಿ ನಕ್ಕ. ಕೈ ಹಿಮ್ಮಡಿಗೆ ಬಂದಾಗ ನಗು ನಿಂತಿತು.

"ಇದ್ಯಾರ ಕಾಲಮ್ಮ?"

"ನಿಂದೇ ಅಣ್ಣ."

"ನಂದಲ್ಲ ಬುಡು. ಇದು ಗಾದಿ ಮೇಲೆ ಕೂತು ತಿಂದೋರ ಕಾಲು. ನಮ್ಮಪ್ಪ ನೋಡಿದ್ರೆ ಯಾರ ಮನೆಯಿಂದ ಕದ್ಕೊಂಡು ಬಂದ್ಯಲಾ ಅಂತಾನೆ."

"ಚೆಂದಾಗೇ ಐತಲ್ಲ, ಸುಮ್ಕಿರು" ಎಂದು ಕೆಂಪಕ್ಕ ಗದರಿದಳು. ಅವನು ಮುಖ ಗೋಡೆಗೆ ತಿರುಗಿಸಿದ.

ಅಶ್ವತ್ಥಮ್ಮ ಹಿಮ್ಮಡಿ ಮುಟ್ಟಿ ನೋಡಿದಳು. ಒಡಕನ್ನೆಲ್ಲ ತಾನೇ ತೀಡಿ ಮುಚ್ಚಿದ್ದು ಈಗ ತಿಳಿಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ದೊಣ್ಣೆಯೂ ಬೇಕಾಗಿರಲಿಲ್ಲ, ಕುಂಬಾರ್ತಿಯ ಹೆಬ್ಬೆರಳೇ ಸಾಕಾಗಿತ್ತು. ಇನ್ನೊಂದು ಮಾಡೋಣವೆಂದರೆ ಅಚ್ಚಿಲ್ಲ, ಅಚ್ಚು ತೆಗೆಯೋಣವೆಂದರೆ ಕಾಲಿಲ್ಲ. ನಂಬಿಕೊಂಡು ಕಾಲು ಕೊಟ್ಟವನು ಎದುರಿಗೆ ಕೂತಿದ್ದ. ಯಾರ ಮುಂದೆಯೂ ಬಗ್ಗದ ಹೆಂಗಸು, "ತಪ್ಪು ನಂದೇ ಅಣ್ಣ" ಎಂದು ಅತ್ತುಬಿಟ್ಟಳು.

ಅಷ್ಟರಲ್ಲಿ ಮಾರಣ್ಣ ಸ್ಸ್ ಎಂದು ಹಲ್ಲು ಕಚ್ಚಿದ. ಬಲಗಾಲು ಇರಬೇಕಾದ ಕಡೆ ಕೈ ಚಾಚಿ, ಗಾಳಿಯನ್ನು ಹಿಡಿದು, ಕೈ ಹಿಂದಕ್ಕೆ ತೆಗೆದುಕೊಂಡ.

"ಏನಾಯ್ತಣ್ಣ?"

"ಆ ಕಾಲು ಉರೀತದೆ ಕಣಮ್ಮ. ಇದ್ದಾಗ ಸತ್ತಂಗಿತ್ತು. ಹೋದ್ಮೇಲೆ ಶುರು ಹಚ್ಕೊಂಡೈತೆ. ಕೆಲವರಿಗೆ ಅಂಗಾಗ್ತದಂತೆ, ಡಾಕ್ಟ್ರು ಹೇಳಿದ್ರು."

"ಎಲ್ಲಿ ಉರೀತದೆ?"

"ಹಿಮ್ಮಡೀಲಿ. ಒಡಕು ಒಡಕಲ್ಲೂ."

ಅಶ್ವತ್ಥಮ್ಮ ಕಣ್ಣೊರೆಸಿಕೊಂಡು ಎದ್ದಳು. ಕೆಂಪಕ್ಕನಿಂದ ಗರಗಸದ ಒಂದು ತುಂಡು ಬ್ಲೇಡು ಇಸಿದುಕೊಂಡು, ಮಣ್ಣಿನ ಕಾಲನ್ನು ತನ್ನ ಮಡಿಲಲ್ಲಿ ಹಿಮ್ಮಡಿ ಮೇಲಾಗಿ ಇಟ್ಟುಕೊಂಡಳು. "ತೋರ್ಸು. ಎಲ್ಲೆಲ್ಲಿ ಉರೀತದೋ ಅಲ್ಲೆಲ್ಲ ತೋರ್ಸು."

ಮಾರಣ್ಣ ಅವಳನ್ನೇ ನೋಡಿದ. ಆಮೇಲೆ ಬಗ್ಗಿ ಉಗುರಿನಲ್ಲಿ ಒಂದು ಗೆರೆ ಎಳೆದ. "ಇಲ್ಲಿಂದ ಇಂಗೆ. ಪಾವಗಡದ ಕಡೆ ಕುರಿ ಹೊಡ್ಕೊಂಡು ಹೋಗಿದ್ನಲ್ಲ, ಆ ವರ್ಷ ಬಿಟ್ಟಿದ್ದು ಇದು." ಅವಳು ಕೊರೆದಳು. ಕೆಂಪು ಪುಡಿ ಸೀರೆಯ ಮೇಲೆ ಉದುರಿತು. "ಇದರ ಪಕ್ಕ ಇನ್ನೊಂದು, ಗಿಡ್ಡಂದು." ಅದನ್ನೂ ಕೊರೆದಳು. ಮೂರನೆಯದು ಹಿಮ್ಮಡಿಯ ನಡುವೆ, ಎಲ್ಲಕ್ಕಿಂತ ಆಳ. ಬ್ಲೇಡು ಅದರಲ್ಲಿ ಇಳಿಯುತ್ತಿದ್ದಂತೆ ಮಾರಣ್ಣನ ಮೊಂಡು ಕಾಲು ನಡುಗಿತು. ಅವನು ಅವಳ ಕೈ ಹಿಡಿದುಕೊಂಡ.

"ಮೆಲ್ಲಗೆ ಕಣಮ್ಮ. ನೋಯ್ತದೆ."

ಅಶ್ವತ್ಥಮ್ಮ ಬ್ಲೇಡು ಪಕ್ಕಕ್ಕಿಟ್ಟಳು. ಆ ಮಣ್ಣಿನ ಹಿಮ್ಮಡಿಯ ಮೇಲೆ ಅಂಗೈ ಇಟ್ಟುಕೊಂಡು, ಅವನ ನೋವು ಇಳಿಯುವವರೆಗೆ ಕಾದಳು.