ಬೇವಿನ ಮರಕ್ಕೆ ನೇತುಬಿದ್ದ ಸೈಲೆನ್ಸರ್

ಎರಡು ಸಾವಿರದ ಎಂಟುನೂರು ರೂಪಾಯಿ, ಹನ್ನೆರಡು ಕಪ್ ಚಹಾ ಮತ್ತು ‘ನಾನು ನೀರುಗಳ್ಳನಲ್ಲ’ ಎಂದು ಕೈಯಾರೆ ಬರೆದುಕೊಟ್ಟ ಒಂದು ಚೀಟಿ. ಕೂರಿಸುವ ಕೂಲಿ ಬಿಟ್ಟು, ನನ್ನ ಕಾರಿನ ಹೊಸ ಸೈಲೆನ್ಸರ್‌ಗೆ ಬಿದ್ದ ಒಟ್ಟು ಖರ್ಚು ಇಷ್ಟು.

ರೂಪಾಯಿಯ ಲೆಕ್ಕ ಸರಳ. ಹೈದರಾಬಾದಿನ ಸ್ಪೇರ್ ಪಾರ್ಟ್ಸ್ ಗಲ್ಲಿಯಲ್ಲಿ ಅಂಗಡಿಯವನು ಐದು ಸಾವಿರ ಎಂದ. ಕಂಪನಿಯ ಮಾಲಲ್ಲ, ಹೊರಗೆ ಮಾಡಿದ್ದು. ನಾನು ಎರಡು ಸಲ ಎದ್ದು ಹೊರಟೆ, ಎರಡು ಸಲವೂ ಅವನೇ ಕರೆದ. (ಮೂರನೇ ಸಲ ಏಳಬಾರದು. ಮೂರನೇ ಸಲ ಯಾರೂ ಕರೆಯುವುದಿಲ್ಲ.) ಚಹಾ ಮತ್ತು ಚೀಟಿ ಯಾಕೆ ಎಂಬುದಕ್ಕೆ ನೀವು ಪೂರಾ ಕಥೆ ಕೇಳಬೇಕು.

ಸುರಪುರದಲ್ಲಿ ನನ್ನದೊಂದು ಪೈಪ್ ಅಂಗಡಿಯಿದೆ. ಸೈಕಲ್ ಮೇಲೆ ವಾಷರ್, ಬೋಲ್ಟ್ ಮಾರುತ್ತ ಶುರು ಮಾಡಿದವನು ನಾನು. ಕಾಲುವೆ ಬಂತು, ಭತ್ತ ಬಂತು, ಹಿಂದೆಯೇ ಗಿರಾಕಿಗಳೂ ಬಂದರು. ಮನೆ ಊರ ಹೊರಗೆ. ಅಂಗಳದ ಮುಂದೆಯೇ ಹೊಲಗಾಲುವೆ. ಕಾಲುವೆ ಎಂದರೆ ಸಿಮೆಂಟಿನದು. ನೀರು ಮಾತ್ರ ನಾಲ್ಕೈದು ಹಂಗಾಮಿನಿಂದ ಇಲ್ಲ. ಕಾಲುವೆಯ ಮೇಲ್ಗಡೆಯ ಹೊಲದವರು ಮುಗಿಸಿದ ಮೇಲೆ ಉಳಿದರೆ ತಾನೇ ನಮಗೆ?

ಕಾರಿನ ಹಳೆಯ ಸೈಲೆನ್ಸರ್ ತುಕ್ಕು ತಿಂದು ಉದುರಿತ್ತು. ಸ್ಟಾರ್ಟ್ ಮಾಡಿದರೆ ಓಣಿಯ ಎಮ್ಮೆಗಳು ಗೂಟ ಕಿತ್ತುಕೊಂಡು ನಿಲ್ಲುತ್ತಿದ್ದವು. ಹೆಂಡತಿ ಮಹಾದೇವಿ ಒಂದು ದಿನ ಫೈಸಲಾ ಹೇಳಿಯೇಬಿಟ್ಟಳು.

“ಐತವಾರ ಸಂಜಿ ನಾಲ್ಕಕ್ಕ ಶಹಾಪುರದಾಗ ನಮ್ಮ ತಮ್ಮನ ಕೂಸಿನ ತೊಟ್ಟಿಲಾ. ಕಿವ್ಯಾಗ ಹೆಸರು ಹೇಳಬೇಕಾದಾಕಿ ಸೋದರತ್ತಿ ನಾನು. ನಾ ಹೋಗದಿದ್ರ ಕೂಸಿಗಿ ಹೆಸರಿಲ್ಲ. ಈ ಗುಡುಗೋ ಗಾಡ್ಯಾಗ ಮಾತ್ರ ನಾ ಬರಂಗಿಲ್ರಿ.”

ಅದಕ್ಕೇ ಸೈಲೆನ್ಸರ್ ತಂದೆ. ಆದರೆ ಮೆಕ್ಯಾನಿಕ್ ಹೇಳಿದ ಕೂಲಿ ಕೇಳಿ ನಗು ಬಂತು. ನಾಲ್ಕು ಬೋಲ್ಟು, ಎರಡು ಕ್ಲ್ಯಾಂಪು, ಒಂದು ಗ್ಯಾಸ್ಕೆಟ್ಟು. ಜೀವನವಿಡೀ ಪೈಪಿಗೆ ಪೈಪು ಜೋಡಿಸಿದವನಿಗೆ ಇದೇನು ದೊಡ್ಡ ವಿದ್ಯೆಯೇ? ಬೇಕಾದದ್ದು ಕಾರಿನ ಕೆಳಗೆ ಮಲಗಲು ಒಂದು ಗುಂಡಿ ಮಾತ್ರ.

ಗುಂಡಿಯನ್ನು ಸರ್ಕಾರವೇ ತೋಡಿಸಿಕೊಟ್ಟಿತ್ತಲ್ಲ!

ಐತವಾರ ಬೆಳಿಗ್ಗೆ ಎಡಗಾಲಿಗಳನ್ನು ಕಾಲುವೆಯ ಈ ದಂಡೆ, ಬಲಗಾಲಿಗಳನ್ನು ಆ ದಂಡೆಯ ಮೇಲೆ ಹತ್ತಿಸಿ, ನಡುವಿನ ಒಣ ಕಾಲುವೆಯಲ್ಲಿ ಗೋಣಿಚೀಲ ಹಾಸಿ ಮಲಗಿದೆ. ಹಳೆಯದನ್ನು ಬಿಚ್ಚಿದೆ. ಹೊಸದನ್ನು ಒಂದೇ ಬೋಲ್ಟಿಗೆ ಸಿಗಿಸಿ, ಉಳಿದದ್ದನ್ನು ಕೈಯಲ್ಲಿ ಎತ್ತಿಹಿಡಿದು, ಹೊಗೆ ಎಲ್ಲಿಂದ ಸೋರುತ್ತದೆಂದು ನೋಡಲು ಕೂಗಿದೆ: “ಮಹಾದೇವಿ, ಸ್ಟಾರ್ಟ್ ಮಾಡಿ ಸ್ವಲ್ಪ ರೇಸ್ ಕೊಡು!”

ಸ್ವಲ್ಪ ಎಂಬ ಮಾತು ಆಕೆಗೆ ಕೇಳಿಸಲಿಲ್ಲ. ಇಪ್ಪತ್ತೆರಡು ವರ್ಷದ ಸಂಸಾರದ ಸಿಟ್ಟೆಲ್ಲ ಆಕ್ಸಿಲರೇಟರ್ ಮೇಲೆ ಇಳಿಯಿತು.

ಐದೇ ನಿಮಿಷ. ದಂಡೆಯ ಮೇಲೆ ಆರು ಜೊತೆ ಕಾಲುಗಳು ಬಂದು ನಿಂತವು. ನಾಲ್ಕು ಬಡಿಗೆಗಳೂ ಕಂಡವು.

“ಯಾಂವಲೇ ಅಂವ! ಇಂಜಿನ್ ಬಂದ್ ಮಾಡು! ಪೈಪ್ ಹಿಡ್ಕೊಂಡೇ ಹೊರಗ ಬಾ!”

ಅವರು ಕಾಲುವೆಯ ಕಟ್ಟಕಡೆಯ ಹೊಲದವರು. ಮೇಲಿನವರು ಡೀಸೆಲ್ ಇಂಜಿನ್ ಇಟ್ಟು ಕಾಲುವೆಯಿಂದ ನೀರೆಳೆಯುತ್ತಾರೆಂದು ಪಾಳಿಯ ಮೇಲೆ ಕಾವಲು ತಿರುಗುತ್ತಿದ್ದರು. ಈಗ ಅವರು ಕಂಡದ್ದನ್ನು ನೀವೂ ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಕಾಲುವೆಯ ಮೇಲೆ ಇಂಜಿನ್. ಕಾಲುವೆಯ ಒಳಗೆ ಮನುಷ್ಯ. ಮನುಷ್ಯನ ಕೈಯಲ್ಲಿ ಪೈಪ್.

ನಾನೇ ಅವರ ಜಾಗದಲ್ಲಿದ್ದರೂ ಮೊದಲು ಹೊಡೆದು ಆಮೇಲೆ ಕೇಳುತ್ತಿದ್ದೆ.

“ಅಯ್ಯ, ಪೈಪ್ ಅಂಗಡಿ ಸಾವುಕಾರ್ರು!” ಎಂದ ಅವರ ಮುಂದಾಳು ಭೀಮಣ್ಣ. “ಮಾರೋದು ಸಾಲವಲ್ದು ಅಂತ ಈಗ ತಾವೇ ಇಳಿದಾರಲ್ಲೋ!”

“ಭೀಮಣ್ಣ, ಇದು ಕಾರಿನ ಸೈಲೆನ್ಸರ್ ಅದ. ಕಾಲುವ್ಯಾಗ ಹನಿ ನೀರಿಲ್ಲ. ಇಲ್ಲದ ನೀರು ನಾ ಹೆಂಗ ಕದೀಲಿ?”

“ನೀವು ಎಳ್ಕೊಂಡೀರಿ, ಅದಕ್ಕ ಇಲ್ಲ.”

ಮಹಾದೇವಿ ಕಿಟಕಿಯಿಂದ ತಲೆ ಹಾಕಿ ನನ್ನ ಪರ ವಾದಿಸಿದಳು: “ಅವರಿಗೆ ನೀರು ತರಾಕ ಬರಂಗಿಲ್ಲ ತಗೋರಿ. ಬರ್ತಿದ್ರ ನಾ ಯಾಕ ದಿನಾ ನಳದ ಮುಂದ ಪಾಳಿ ಹಚ್ತಿದ್ದೆ?”

“ಎಲ್ಲಾರೂ ಒಂದೊಂದು ಹೇಳ್ತಾರವ್ವ,” ಎಂದ ಭೀಮಣ್ಣ. “ಮೊನ್ನೆ ಒಬ್ಬಾಂವ ಇಂಥಾ ಪೈಪು ಕುಂಬಳಬಳ್ಳಿಗಿ ಆಸರ ಅಂದ. ಇವರು ಕಾರಿಗಿ ಅಂತಾರ.”

ಗುಂಪಿನಲ್ಲಿದ್ದ ನಿಂಗವ್ವ ಎಂಬ ಹಿರಿಯಳು ಸೈಲೆನ್ಸರ್ ಕಸಿದುಕೊಂಡು ಅದರ ತೂತಿಗೆ ಕಣ್ಣಿಟ್ಟು ನೋಡಿದಳು. “ಇದರಾಗ ನೀರು ಬರಂಗಿಲ್ಲೇನು? ಬರ್ತದ. ಅಲ್ಲಿ ನನ್ನ ಭತ್ತದ ಸಸಿ ಮಡಿ ಸೀಳು ಬಿಟ್ಟದ. ನೀವಿಲ್ಲಿ ಪೈಪ್ ಆಡಾಕತ್ತೀರಿ.”

ಅವರದೊಂದು ಕಟ್ಟಳೆ. ಕಾಲುವೆಯಲ್ಲಿ ಸಿಕ್ಕ ಪೈಪ್ ಜಪ್ತಿ. ಹಂಗಾಮು ಮುಗಿದು ಕಾಲುವೆ ಬಂದ್ ಆಗುವವರೆಗೆ ಅದು ತೂಬಿನ ಹತ್ತಿರದ ಬೇವಿನ ಮರದಲ್ಲಿ ನೇತಾಡಬೇಕು. ಹತ್ತಾರು ಹಸಿರು ಪೈಪುಗಳ ನಡುವೆ ನನ್ನ ಸೈಲೆನ್ಸರ್ ತೊಟ್ಟಿಲ ಹಾಗೆ ತೂಗತೊಡಗಿತು.

ತೊಟ್ಟಿಲು! ಗಂಟೆ ಆಗಲೇ ಹತ್ತೂವರೆ.

ಎಲ್ಲರನ್ನೂ ನಮ್ಮ ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟೆ. ಸೌದಾ ಶುರು ಮಾಡಿದೆ. ಸಂಜೆಯವರೆಗೆ ಬಿಡಿ, ನಾಳೆ ನಾನೇ ತಂದು ನೇತುಹಾಕುತ್ತೇನೆ ಎಂದೆ. ಆಗಲಿಲ್ಲ. ಇನ್ನೊಂದು ಸುತ್ತು ಚಹಾ. ಕೊನೆಗೆ ಹೈದರಾಬಾದಿನ ಅಸ್ತ್ರ ತೆಗೆದೆ: ಮುಖ ಗಂಟಿಕ್ಕಿ ಎದ್ದು ಹೊರಟೆ.

ಯಾರೂ ಕರೆಯಲಿಲ್ಲ. ಹೋಗುವುದಾದರೂ ಎಲ್ಲಿಗೆ? ಮನೆ ನನ್ನದೇ.

ತಿರುಗಿ ಬಂದು ಕೂತೆ. ಆಗ ಭೀಮಣ್ಣ ತನ್ನ ಸೌದಾ ಇಟ್ಟ. “ಈ ಸಪ್ಪಳ ಕೇಳಿ ನಾವೇ ಇಂಜಿನ್ ಅಂತ ಓಡಿ ಬಂದೇವಿ. ಮ್ಯಾಲಿನವ್ರು ಕೇಳಿದ್ರ ಪೈಪ್ ಕೀಳಾಕ ಜೆಸಿಬಿ ಬಂತು ಅಂತಾರ. ಸೈಲೆನ್ಸರ್ ಇಲ್ಲದಂಗ ಒಮ್ಮಿ ಕಾಲುವಿ ದಂಡಿಗುಂಟ ಮ್ಯಾಲಿನ ಗೇಟಿನ ತನಕ ಹೊಡೀರಿ. ಬಂದು ನಿಮ್ಮ ಮಾಲು ಒಯ್ರಿ.” ಜೊತೆಗೆ ಆ ಚೀಟಿಯನ್ನೂ ಬರೆಸಿಕೊಂಡ.

ಹೊರಟೆವು. ಹಿಂದಿನ ಸೀಟಿನಲ್ಲಿ ಮೂವರು, ಮುಂದೆ ನಿಂಗವ್ವ. ನನ್ನ ಕಾರು ಗುಡುಗುತ್ತಿದ್ದರೆ, ಭೀಮಣ್ಣ ಹೇಳಿದಂತೆಯೇ, ದಂಡೆಯುದ್ದಕ್ಕೂ ಜನ ಹೊಲದಿಂದ ಎದ್ದು ಓಡಿದರು. ಇಂಜಿನ್‌ಗಳು ಬಂದ್ ಆದವು. ಪೈಪುಗಳು ಹಾವಿನಂತೆ ಸರಸರ ಹೊಲದೊಳಗೆ ಸರಿದವು. ಎಲ್ಲ ಹಸಿರು ಪೈಪು. ಎಲ್ಲ ಒಂದೇ ನಮೂನೆ.

ಸುರಪುರದಲ್ಲಿ ಆ ನಮೂನೆ ಇಡುವವನು ನಾನೊಬ್ಬನೇ.

ಹಿಂದಿನಿಂದ ಭೀಮಣ್ಣ ಕಿವಿಯ ಹತ್ತಿರ ಬಾಯಿ ತಂದು ಕೂಗಿದ: “ಸಾವುಕಾರ್ರ, ಮಾಲು ಭಾಳ ಗಟ್ಟಿ ಇಟ್ಟೀರಿ. ಇಷ್ಟು ಜೋರು ಎಳೆದ್ರೂ ಒಂದೂ ಹರಿದಿಲ್ಲ ನೋಡ್ರಿ!”

ನನಗೆ ಕೇಳಿಸಲಿಲ್ಲ ಎಂಬಂತೆ ಗಾಡಿ ಓಡಿಸಿದೆ. ಸೈಲೆನ್ಸರ್ ಇಲ್ಲದ ಕಾರಿನಲ್ಲಿ ಈ ಒಂದು ಅನುಕೂಲ ಉಂಟು.

ಮನೆಗೆ ಬಂದಾಗ ಎರಡೂವರೆ. ಕೊಟ್ಟ ಮಾತಿನಂತೆ ಭೀಮಣ್ಣ ಮರ ಹತ್ತಿ ಸೈಲೆನ್ಸರ್ ಇಳಿಸಿ ಕೈಗೆ ಕೊಟ್ಟ. ಸ್ಪ್ಯಾನರ್ ಹಿಡಿದು ಕಾಲುವೆಯ ಕಡೆ ಓಡಿದೆ. ಮೊದಲು ಒಂದಿಷ್ಟು ಕಸ ಬಂತು. ಆಮೇಲೆ ನನ್ನ ಗೋಣಿಚೀಲ ತೇಲುತ್ತ ಹೋಯಿತು.

ನೀರು! ನಿಂಗವ್ವ ಸೆರಗು ಸೊಂಟಕ್ಕೆ ಸಿಗಿಸಿ ಅದರ ಮುಂದೆ ಮುಂದೆ ತನ್ನ ಮಡಿಯ ಕಡೆ ಓಡುತ್ತಿದ್ದಳು. ನಾನು ಸೈಲೆನ್ಸರ್ ತಬ್ಬಿಕೊಂಡು ದಂಡೆಯ ಮೇಲೆ ನಿಂತಿದ್ದೆ. ಮೊಣಕಾಲು ಮಟ್ಟ ನೀರು ತುಂಬಿದ ಗುಂಡಿಯಲ್ಲಿ ಯಾವ ಮೆಕ್ಯಾನಿಕ್ ಮಲಗುತ್ತಾನೆ?

ಮಹಾದೇವಿ ನೀರು ನೋಡಿದಳು. ಗಡಿಯಾರ ನೋಡಿದಳು. ನನ್ನನ್ನು ನೋಡಲಿಲ್ಲ. ಹೊಸ ಸೀರೆಯ ನೆರಿಗೆ ಎತ್ತಿ ಹಿಡಿದು, ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಗುಡುಗುತ್ತ ಶಹಾಪುರ ಮುಟ್ಟಿದೆವು. ದಾರಿಯುದ್ದಕ್ಕೂ ಆ ಸಪ್ಪಳ ಕೇಳಿ ಕೇಳಿ ಆಕೆಯ ಕಿವಿ ಗುಂಯ್ ಎನ್ನುತ್ತಿತ್ತು. ತನ್ನ ದನಿ ತನಗೇ ಕೇಳಿಸುತ್ತಿರಲಿಲ್ಲ. ಕೂಸಿನ ಕಿವಿಯಲ್ಲಿ ಗುಟ್ಟಾಗಿ ಹೇಳಬೇಕಾದ ಹೆಸರನ್ನು ಎದುರು ಓಣಿಯ ಕಿರಾಣಿ ಅಂಗಡಿಯವನೂ ಕೇಳಿಸಿಕೊಂಡ. ಕೂಸು ಮಾತ್ರ ಗಾಬರಿಯಾಗದೆ ಕಣ್ಣರಳಿಸಿ ನಕ್ಕಿತು. (ಇಂಥ ಗಟ್ಟಿ ಕಿವಿಯಿದ್ದರೆ ಮುಂದೆ ಪೈಪ್ ಅಂಗಡಿ ಇಡಬಹುದು.)

ಸೋಮವಾರ ಅದೇ ಮೆಕ್ಯಾನಿಕ್ ಹತ್ತಿರ ಹೋದೆ. ಅವನು ಹೇಳಿದ ಕೂಲಿಯನ್ನೇ ಕೊಟ್ಟೆ. ಅರ್ಧ ತಾಸಿನಲ್ಲಿ ಕೆಲಸ ಮುಗಿಯಿತು. ಈಗ ಕಾರು ಬಂದದ್ದು ಎಮ್ಮೆಗಳಿಗೂ ಗೊತ್ತಾಗುವುದಿಲ್ಲ.

ನೀವು ಮನೆಯಲ್ಲೇ ಸೈಲೆನ್ಸರ್ ಕೂರಿಸುವವರಿದ್ದರೆ ನನ್ನ ಸಲಹೆ: ಗ್ಯಾಸ್ಕೆಟ್ ಹೊಸದೇ ಹಾಕಿ, ಹಳೆಯ ಬೋಲ್ಟಿಗೆ ಹಿಂದಿನ ದಿನವೇ ಎಣ್ಣೆ ಬಿಡಿ, ಹೆಂಡತಿಗೆ ಆಕ್ಸಿಲರೇಟರ್ ಒಪ್ಪಿಸಬೇಡಿ, ಕಾಲುವೆ ಎಷ್ಟೇ ವರ್ಷ ಒಣಗಿದ್ದರೂ ಅದನ್ನು ಗುಂಡಿ ಎಂದು ತಿಳಿಯಬೇಡಿ. ಇನ್ನೊಂದಿದೆ, ಅದು ನನ್ನಂಥ ಅಂಗಡಿಯವರಿಗೆ. ಸೋಮವಾರದಿಂದ ಹಸಿರು ಪೈಪ್ ಕೇಳಿ ಬಂದವರಿಗೆಲ್ಲ ನಾನು ರೇಟು ಹೇಳುವ ಮುಂಚೆ ಒಂದೇ ಪ್ರಶ್ನೆ ಕೇಳುತ್ತಿದ್ದೇನೆ. ಮೂವರು ಎದ್ದು ಹೊರಟರು, ನಾನು ಕರೆಯಲಿಲ್ಲ. ಪ್ರಶ್ನೆ ಇಷ್ಟೇ, ನೀವೂ ಕೇಳಿ ನೋಡಿ:

“ಈ ಪೈಪಿನ ಇನ್ನೊಂದು ತುದಿ ಎಲ್ಲಿ ಇಡ್ತೀರಿ?”